ದುರ್ಗ ಮರೆತ ದನಿ

ಕನ್ನಡ ಚಲನಚಿತ್ರಗಳ ಚರ್ಚೆಯಲ್ಲಿ ‘ಸಂಗೀತಪ್ರಧಾನ ಚಿತ್ರ’ ಎಂಬ ಮಾತು ಎರಡು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರಾಗಿ ಬಳಕೆಯಾಗುತ್ತ ಬಂದಿದೆ. ಹಾಡುಗಳು ಹೇರಳವಾಗಿರುವ, ಆ ಹಾಡುಗಳ ಬಲದಿಂದಲೇ ಗೆದ್ದ ಚಿತ್ರವನ್ನು ಹಾಗೆ ಕರೆಯುವುದುಂಟು. ಸಂಗೀತವೇ ಕಥೆಯ ವಸ್ತುವಾಗಿ, ಹಾಡುವ ಇಲ್ಲವೆ ನುಡಿಸುವ ಕ್ರಿಯೆಯೇ ಕಥೆಯನ್ನು ಮುಂದಕ್ಕೆ ಒಯ್ಯುವಂತೆ ಕಟ್ಟಿದ ಚಿತ್ರವನ್ನೂ ಹಾಗೆಯೇ ಕರೆಯುವುದುಂಟು. ಮೊದಲನೆಯ ಬಗೆಯ ಚಿತ್ರಗಳು ಕನ್ನಡಿಗರ ನೆನಪಿನಲ್ಲಿ ಸುಭದ್ರವಾಗಿ ಉಳಿದಿದ್ದರೆ, ಎರಡನೆಯ ಬಗೆಯ ಚಿತ್ರಗಳಲ್ಲಿ ಹೆಚ್ಚಿನವು ಪ್ರಶಸ್ತಿಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಮಾತ್ರ ಉಳಿದಿವೆ. ಇವು ಕಡೆಗಣಿಸಲ್ಪಟ್ಟದ್ದಕ್ಕೆ ಅವುಗಳ ಗುಣದ ಕೊರತೆ ಕಾರಣವೆಂದು ನಂಬಲು ಆಧಾರ ಕಡಿಮೆ. ಚಿತ್ರದಿಂದ ಹಾಡನ್ನು ಬಿಡಿಸಿ ಬೇರೆಯಾಗಿ ಕೇಳುವ, ಬೇರೆಯಾಗಿ ಕೇಳಲು ಬಾರದ ಸಂಗೀತವನ್ನು ಕೈಬಿಡುವ ಒಂದು ಕಾಲದ ಅಭ್ಯಾಸವೇ ಅದಕ್ಕೆ ಮುಖ್ಯ ಕಾರಣ ಎಂದು ವಾದಿಸಲು ಸಾಧ್ಯವಿದೆ. ಈ ವಾದವನ್ನು ಪರೀಕ್ಷಿಸಲು ಚಿತ್ರದುರ್ಗಕ್ಕಿಂತ ತಕ್ಕ ನೆಲ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಒಬ್ಬನೇ ಲೇಖಕನ ಕಾದಂಬರಿಗಳಿಂದ ಹುಟ್ಟಿ, ಮೂರು ವರ್ಷಗಳ ಅಂತರದಲ್ಲಿ ತೆರೆಗೆ ಬಂದ ಎರಡು ಚಿತ್ರಗಳಲ್ಲಿ ಒಂದು ಆ ಊರಿನ ಗುರುತೇ ಆಗಿಹೋಗಿ, ಇನ್ನೊಂದು ಆ ಊರಿನವರಿಗೇ ಅಪರಿಚಿತವಾದದ್ದು ಇಲ್ಲಿಯೇ.

ಆ ಲೇಖಕ ತ.ರಾ.ಸು., ಅಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ (1920–1984). ಚಳ್ಳಕೆರೆ ತಾಲ್ಲೂಕಿನ ತಳುಕು ಅವರ ಮನೆತನದ ಊರು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಹಿಡಿದು ಮರಣೋತ್ತರವಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ದುರ್ಗಾಸ್ತಮಾನ’ದವರೆಗೆ ಅವರು ದುರ್ಗದ ನಾಯಕ ಅರಸರ ಚರಿತ್ರೆಯನ್ನು ಕಾದಂಬರಿಯ ಮಾಧ್ಯಮದಲ್ಲಿ ಮತ್ತೆ ಮತ್ತೆ ಕಟ್ಟಿದರು. ಕಲ್ಲಿನ ಕೋಟೆಯ ಈ ದೀರ್ಘ ಕಥನದ ಪಕ್ಕದಲ್ಲಿಯೇ, ಅದಕ್ಕೆ ಸಂಬಂಧವಿಲ್ಲದಂತೆ ಕಾಣುವ ‘ಹಂಸಗೀತೆ’ ಎಂಬ ಕಾದಂಬರಿಯೂ ಇದೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ದುರ್ಗದಲ್ಲಿದ್ದನೆಂದು ಐತಿಹ್ಯ ಹೇಳುವ ಗಾಯಕ ಭೈರವಿ ವೆಂಕಟಸುಬ್ಬಯ್ಯನ ಬದುಕು ಅದರ ವಸ್ತು. ಐತಿಹ್ಯವೆಂದರೆ ಶಾಸನ, ಕಡತಗಳ ಆಧಾರಕ್ಕಿಂತ ಹೆಚ್ಚಾಗಿ ಜನರ ಬಾಯಲ್ಲಿ ಉಳಿದು ಬಂದ ಕಥೆ. ಆದುದರಿಂದ ಅದನ್ನು ಚರಿತ್ರೆಯೆಂದು ಒಪ್ಪಿಸುವ ಅಗತ್ಯವಿಲ್ಲ. ಅಧಿಕಾರದ ಅಪ್ಪಣೆಗೆ ಮಣಿದು ಹಾಡಲೊಲ್ಲದ ಗಾಯಕನೊಬ್ಬ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡನೆಂಬ ಕಥೆಯನ್ನು ಒಂದು ಊರು ತನ್ನದೆಂದು ಇಟ್ಟುಕೊಂಡಿತ್ತು ಎಂಬ ಸಂಗತಿಯೇ ಸಾಕಷ್ಟು ಮಹತ್ವದ್ದು.

1972ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ ತೆರೆಗೆ ಬಂದಿತು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಮಾಡಿದ ಈ ಚಿತ್ರವು ವಿಷ್ಣುವರ್ಧನರನ್ನು ನಾಯಕನಟರನ್ನಾಗಿ ಮಾಡಿತು, ಕೆ.ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರನ್ನು ಮನೆಮಾತಾಗಿಸಿತು, ಜಯಂತಿಯವರು ಅಭಿನಯಿಸಿದ ಒನಕೆ ಓಬವ್ವನ ಪ್ರಸಂಗದಿಂದ ಕೋಟೆಯ ಒಂದು ಕಿಂಡಿಯನ್ನು ಇಡೀ ನಾಡಿನ ಕಣ್ಣಿಗೆ ತಂದಿತು. ವಿಜಯಭಾಸ್ಕರ್ ಅವರ ಸಂಗೀತದಲ್ಲಿ ಮೂಡಿದ ಹಾಡುಗಳು ಐದು ದಶಕಗಳ ನಂತರವೂ ಜಾತ್ರೆ, ಶಾಲಾ ವಾರ್ಷಿಕೋತ್ಸವ, ರಾಜ್ಯೋತ್ಸವಗಳಲ್ಲಿ ಕೇಳಿಬರುತ್ತವೆ. ಆ ಚಿತ್ರಕ್ಕೆ ಸಂದ ಮನ್ನಣೆ ನ್ಯಾಯವಾದದ್ದೇ. ಅದರ ಯಶಸ್ಸಿನ ಒಂದು ಪಾಲು ಮಾತ್ರ ಇಲ್ಲಿ ಗಮನಿಸಬೇಕಾದದ್ದು: ಅದರ ಪ್ರತಿಯೊಂದು ಹಾಡೂ ಚಿತ್ರದಿಂದ ಹೊರಬಂದು ತನ್ನಷ್ಟಕ್ಕೆ ನಿಲ್ಲಬಲ್ಲ ಘಟಕವಾಗಿತ್ತು. ಓಬವ್ವನ ಕಥೆಯಂತೂ ಕಥಾನಾಯಕ ರಾಮಾಚಾರಿಯ ಕಥೆಯೊಳಗೆ ಬರುವ ಇನ್ನೊಂದು ಪೂರ್ಣ ಕಥೆ. ಚಿತ್ರವನ್ನು ನೋಡದವರಿಗೂ ಹಾಡಿನಿಂದಲೇ ಅದು ದಕ್ಕುತ್ತದೆ.

ಮೂರು ವರ್ಷಗಳ ನಂತರ, 1975ರಲ್ಲಿ, ಜಿ.ವಿ. ಅಯ್ಯರ್ ‘ಹಂಸಗೀತೆ’ಯನ್ನು ನಿರ್ಮಿಸಿ ನಿರ್ದೇಶಿಸಿದರು. ನಂಜನಗೂಡಿನಲ್ಲಿ 1917ರಲ್ಲಿ ಹುಟ್ಟಿದ ಅಯ್ಯರ್ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಬೆಳೆದವರು. ಜನಪ್ರಿಯ ಚಿತ್ರಗಳಿಗೆ ಸಂಭಾಷಣೆಯನ್ನೂ ಹಾಡುಗಳನ್ನೂ ಬರೆದು ಪಳಗಿದವರು. ಹಾಡು ಮಾರಾಟವಾಗುವ ಬಗೆಯನ್ನು ಒಳಗಿನಿಂದ ಬಲ್ಲ ಇಂಥವರು, ಮಾರಾಟವಾಗದ ಬಗೆಯ ಸಂಗೀತ ಚಿತ್ರವನ್ನು ತಿಳಿದೇ ಆರಿಸಿಕೊಂಡರು ಎಂಬ ಅಂಶವನ್ನು ವಿಮರ್ಶಕರು ಅಷ್ಟಾಗಿ ತೂಗಿ ನೋಡಿಲ್ಲ. ವೆಂಕಟಸುಬ್ಬಯ್ಯನ ಪಾತ್ರಕ್ಕೆ ಅವರು ಆಗಿನ್ನೂ ಬೆರಳೆಣಿಕೆಯ ಚಿತ್ರಗಳಲ್ಲಿ ಮಾತ್ರ ಕಾಣಿಸಿಕೊಂಡಿದ್ದ ಅನಂತ್‌ನಾಗ್ ಅವರನ್ನು ಆರಿಸಿದರು. ಛಾಯಾಗ್ರಹಣವನ್ನು, ದೇಶವಿಭಜನೆಯ ನಿರಾಶ್ರಿತರ ಕುರಿತು ‘ಛಿನ್ನಮೂಲ್’ ಎಂಬ ಬಂಗಾಳಿ ಚಿತ್ರ ನಿರ್ದೇಶಿಸಿದ್ದ ನಿಮಾಯ್ ಘೋಷ್ ಅವರಿಗೆ ಒಪ್ಪಿಸಿದರು. ಸಂಗೀತದ ಹೊಣೆಯನ್ನು ಎಂ. ಬಾಲಮುರಳೀಕೃಷ್ಣ ಮತ್ತು ಬಿ.ವಿ. ಕಾರಂತರು ಹೊತ್ತರು. ಕರ್ನಾಟಕ ಸಂಗೀತದ ಅತ್ಯುಚ್ಚ ಕಂಠಗಳಲ್ಲಿ ಒಂದು, ಕನ್ನಡ ರಂಗಸಂಗೀತದ ಅತ್ಯಂತ ಸ್ವತಂತ್ರ ಮನಸ್ಸು ಇನ್ನೊಂದು. ಇವೆರಡೂ ಒಂದೆಡೆ ಕೂಡಿದ್ದೇ ಅಪರೂಪ.

ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ‘ಹಂಸಗೀತೆ’ ಕನ್ನಡದ ಅತ್ಯುತ್ತಮ ಚಿತ್ರವೆನಿಸಿತು, ಬಾಲಮುರಳೀಕೃಷ್ಣ ಅತ್ಯುತ್ತಮ ಹಿನ್ನೆಲೆ ಗಾಯಕರೆನಿಸಿದರು. ಆದರೆ ಅದೇ ವರ್ಷ, ಅದೇ ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ ಇಡೀ ದೇಶದ ಅತ್ಯುತ್ತಮ ಚಿತ್ರವಾಗಿ ಸ್ವರ್ಣಕಮಲ ಪಡೆಯಿತು. ಚೋಮನಾಗಿ ಅಭಿನಯಿಸಿದ ವಾಸುದೇವ ರಾವ್ ಅತ್ಯುತ್ತಮ ನಟರಾದರು. ಎರಡು ಕನ್ನಡ ಚಿತ್ರಗಳು ಒಂದೇ ಸಾಲಿನಲ್ಲಿ ಗೌರವ ಪಡೆದಾಗ ಚರ್ಚೆಯೆಲ್ಲ ‘ಚೋಮನ ದುಡಿ’ಯ ಕಡೆಗೆ ಹರಿದದ್ದು ಸಹಜವಾಗಿತ್ತು. ಅಸ್ಪೃಶ್ಯತೆ, ಜೀತ, ಭೂಮಿಯ ಹಸಿವುಗಳನ್ನು ಕುರಿತ ಚಿತ್ರ ಎಪ್ಪತ್ತರ ದಶಕದ ತುರ್ತಿಗೆ ಉತ್ತರವಾಗಿತ್ತು. ಹದಿನೆಂಟನೆಯ ಶತಮಾನದ ಶಾಸ್ತ್ರೀಯ ಗಾಯಕನೊಬ್ಬನ ಕಥೆ ಆ ದಶಕದ ಹೊಸ ಅಲೆಯವರಿಗೆ ಹಳತೆನಿಸಿತು, ಹಾಡು-ಹೊಡೆದಾಟ ಬಯಸಿದವರಿಗೆ ಭಾರವೆನಿಸಿತು. ಹೀಗೆ ಎರಡೂ ಪಾಳೆಯಗಳಿಗೆ ಸೇರದೆ ಉಳಿದದ್ದು ಪ್ರಶಸ್ತಿಯೊಡನೆಯೇ ಕಪಾಟು ಸೇರಿತು. ಪ್ರಶಸ್ತಿ ಬಂದ ಚಿತ್ರವನ್ನು ನೋಡಬೇಕಾಗಿಲ್ಲ, ಗೌರವಿಸಿದರೆ ಸಾಕು ಎಂಬ ವಿಚಿತ್ರ ಮನೋಭಾವವೊಂದು ನಮ್ಮ ಸಾಂಸ್ಕೃತಿಕ ಬದುಕಿನಲ್ಲಿ ಬೇರೂರಿದೆ.

ಕಡೆಗಣನೆಯ ಇನ್ನೂ ಆಳವಾದ ಕಾರಣವನ್ನು ಕೇಳುವ ಸಲಕರಣೆಗಳ ಚರಿತ್ರೆಯಲ್ಲಿ ಹುಡುಕಬೇಕು. 1934ರಲ್ಲಿ ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಕಾಲದಲ್ಲಿ ಚಿತ್ರರಂಗವು ಕಂಪನಿ ನಾಟಕಗಳ ಮುಂದುವರಿಕೆಯಾಗಿತ್ತು, ಆ ನಾಟಕಗಳಲ್ಲಿ ಹಾಡು ಸಂಭಾಷಣೆಯ ಇನ್ನೊಂದು ರೂಪ, ಪ್ರೇಕ್ಷಕರು ‘ಒನ್ಸ್ ಮೋರ್’ ಎಂದರೆ ಅದೇ ಸನ್ನಿವೇಶ ಮತ್ತೆ ನಡೆಯುತ್ತಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷಕ್ಕಿಂತ ತುಸು ಹೆಚ್ಚು ಧ್ವನಿ ಮಾತ್ರ ಹಿಡಿಯುತ್ತಿದ್ದುದರಿಂದ, ಚಿತ್ರಗೀತೆಯು ಕ್ರಮೇಣ ಆ ಅಳತೆಗೆ ಕತ್ತರಿಸಿದ ಬಟ್ಟೆಯಾಯಿತು: ಪಲ್ಲವಿ, ಎರಡು ಇಲ್ಲವೆ ಮೂರು ಚರಣ, ನಡುವೆ ವಾದ್ಯಗಳ ತುಣುಕು. ಆಮೇಲೆ ಬಂದ ದೊಡ್ಡ ತಟ್ಟೆ, ಕ್ಯಾಸೆಟ್‌ಗಳಿಗೆ ಆ ಮಿತಿ ಇರಲಿಲ್ಲವಾದರೂ ಅಳತೆ ಮಾತ್ರ ಬದಲಾಗಲಿಲ್ಲ. ಬಾನುಲಿಯ ಚಿತ್ರಗೀತೆಗಳ ಕಾರ್ಯಕ್ರಮಗಳು ಚಿತ್ರಗಳನ್ನು ನೆನಪಿನಲ್ಲಿ ಉಳಿಸುವ ಏಕೈಕ ಸಾಧನವಾಗಿದ್ದ ದಶಕಗಳಲ್ಲಿ, ಟೆಂಟುಗಳಲ್ಲಿ ಒಮ್ಮೆ ಬಂದು ಹೋದ ಚಿತ್ರ ಮತ್ತೆ ಕಾಣಸಿಗುವ ದಾರಿಯಿಲ್ಲದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳ ಜನ ಚಿತ್ರವೊಂದನ್ನು ನೆನೆಯಲು ಕಿವಿಯನ್ನೇ ಅವಲಂಬಿಸಬೇಕಾಗಿತ್ತು. ಮೂರೂವರೆ ನಿಮಿಷದ ಅಳತೆಗೆ ಒಗ್ಗದ ಸಂಗೀತ ಈ ಜರಡಿಯಲ್ಲಿ ನಿಲ್ಲಲಿಲ್ಲ.

‘ಹಂಸಗೀತೆ’ಯ ಸಂಗೀತ ಈ ಅಳತೆಗೆ ಏಕೆ ಒಗ್ಗುವುದಿಲ್ಲ ಎಂಬುದನ್ನು ನಾಯಕನ ಹೆಸರೇ ಹೇಳುತ್ತದೆ. ಗಾಯಕನೊಬ್ಬನ ಹೆಸರಿಗೆ ರಾಗದ ಹೆಸರು ಅಂಟಿಕೊಳ್ಳುವುದು ದಕ್ಷಿಣದ ಸಂಗೀತದಲ್ಲಿ ದೊಡ್ಡ ಗೌರವ. ತಂಜಾವೂರಿನ ತೋಡಿ ಸೀತಾರಾಮಯ್ಯ ಹಣದ ಅಡಚಣೆಗೆ ಸಿಕ್ಕಿ ತೋಡಿ ರಾಗವನ್ನೇ ಅಡವಿಟ್ಟನೆಂಬ ಕಥೆ ಪ್ರಸಿದ್ಧವಾದದ್ದು. ಕರ್ನಾಟಕ ಪದ್ಧತಿಯ ಭೈರವಿಯು ಇಪ್ಪತ್ತನೆಯ ಮೇಳಕರ್ತವಾದ ನಠಭೈರವಿಯಿಂದ ಹುಟ್ಟಿದ ರಾಗ. ಮೇಳಕರ್ತವೆಂದರೆ ಏಳೂ ಸ್ವರಗಳಿರುವ ತಾಯಿರಾಗ, ಅಂಥವು ಎಪ್ಪತ್ತೆರಡು. ಭೈರವಿಯು ಏರುವಾಗ ತಾಯಿರಾಗದಲ್ಲಿಲ್ಲದ ಚತುಃಶ್ರುತಿ ಧೈವತವನ್ನು ಎರವಲು ತಂದು, ಇಳಿಯುವಾಗ ತನ್ನದೇ ಆದ ಶುದ್ಧ ಧೈವತಕ್ಕೆ ಮರಳುತ್ತದೆ. ಹೀಗೆ ಹೊರಗಿನ ಸ್ವರವನ್ನು ಒಳಗು ಮಾಡಿಕೊಳ್ಳುವ ರಾಗವನ್ನು ಭಾಷಾಂಗ ರಾಗ ಎನ್ನುತ್ತಾರೆ. ಒಂದೇ ಧೈವತದ ಎರಡು ಮುಖಗಳ ನಡುವೆ ತೂಗುವ ಈ ರಾಗದ ಸ್ವಭಾವ ಕೆಲವು ಕ್ಷಣಗಳಲ್ಲಿ ಗೋಚರಿಸುವಂಥದಲ್ಲ; ಆಲಾಪನೆಯಲ್ಲಿ, ಅಂದರೆ ಸಾಹಿತ್ಯವಾಗಲಿ ತಾಳವಾಗಲಿ ಇಲ್ಲದೆ ರಾಗವನ್ನು ಎಳೆ ಎಳೆಯಾಗಿ ಬಿಡಿಸುವ ಭಾಗದಲ್ಲಿ, ಅದಕ್ಕೆ ವೇಳೆ ಬೇಕು. ಭೈರವಿಯ ಗಾಯಕನ ಕಥೆ ಹೇಳಹೊರಟ ಚಿತ್ರವೂ ಅದೇ ವೇಳೆಯನ್ನು ಪ್ರೇಕ್ಷಕನಿಂದ ಬೇಡುತ್ತದೆ. ಇಲ್ಲಿ ಹಾಡು ಕಥೆಯನ್ನು ತಡೆದು ನಿಲ್ಲಿಸುವ ವಿರಾಮವಾಗಿಲ್ಲ. ಗಾಯಕನ ಕಲಿಕೆ ಎಲ್ಲಿಗೆ ಬಂತು, ಅವನೊಳಗೆ ಏನು ಪಕ್ವವಾಯಿತು, ಏನು ಮುರಿಯಿತು ಎಂಬುದನ್ನು ಹಾಡಿಕೆಯೇ ತಿಳಿಸಬೇಕು. ಹಾಗಾಗಿ ಚಿತ್ರದಿಂದ ಬಿಡಿಸಿದ ಹಾಡು ಅರ್ಥದ ಅರ್ಧವನ್ನು ಕಳೆದುಕೊಳ್ಳುತ್ತದೆ, ಹಾಡಿಲ್ಲದ ಚಿತ್ರಕ್ಕಂತೂ ಉಸಿರೇ ಇಲ್ಲ.

ಇದರೊಡನೆ ಇನ್ನೊಂದು ಸೂಕ್ಷ್ಮವೂ ಕೂಡಿಕೊಂಡಿದೆ. ಹಿನ್ನೆಲೆ ಗಾಯನವೆಂದರೆ ಒಬ್ಬರ ಶರೀರಕ್ಕೆ ಇನ್ನೊಬ್ಬರ ಶಾರೀರವನ್ನು ಹೊಂದಿಸುವ ಕಲೆ. ಭಾರತೀಯ ಪ್ರೇಕ್ಷಕರು ಅದನ್ನು ಒಂದು ಒಪ್ಪಂದವಾಗಿ ಸ್ವೀಕರಿಸಿದ್ದಾರೆ. ಯುಗಳಗೀತೆಯಲ್ಲಿ ಈ ಒಪ್ಪಂದಕ್ಕೆ ಭಂಗ ಬರುವುದಿಲ್ಲ, ಏಕೆಂದರೆ ಅಲ್ಲಿ ನಾಯಕನು ಗಾಯಕನಲ್ಲ. ಪಾತ್ರವೇ ಮಹಾಗಾಯಕನಾದಾಗ ಮಾತ್ರ ನಟನ ಕೊರಳಿನ ನರ, ಎದೆಯ ಏರಿಳಿತ, ತಂಬೂರಿಯ ಶ್ರುತಿಗೆ ಕಿವಿಗೊಟ್ಟಾಗ ಕಣ್ಣು ಎಲ್ಲಿ ನಿಲ್ಲುತ್ತದೆ ಎಂಬುದು, ಎಲ್ಲವೂ ಪರೀಕ್ಷೆಗೆ ಒಳಗಾಗುತ್ತವೆ. ಇಪ್ಪತ್ತರ ಹರೆಯದ ನಟನಿಗೆ ನಲವತ್ತು ದಾಟಿದ, ಕಛೇರಿಗಳಲ್ಲಿ ಮಾಗಿದ ಬಾಲಮುರಳೀಕೃಷ್ಣರ ಕಂಠ ಹೊಂದಿದ ಬಗೆಯನ್ನು ಅಭಿನಯ ಕಲಿಯುವವರು ದೃಶ್ಯ ದೃಶ್ಯವಾಗಿ ಓದಬೇಕಾದದ್ದು. ಅನಂತ್‌ನಾಗ್ ಅವರ ಮುಂದಿನ ನಟನೆಯಲ್ಲಿ ಮಾತಿಗಿಂತ ಮೊದಲು ಕಾಣಿಸುವ ಆಲಿಸುವ ಗುಣಕ್ಕೆ ಈ ಚಿತ್ರದ ಶಿಸ್ತು ಒಂದು ಮೂಲವಾಗಿರಬಹುದೆಂಬ ಊಹೆ ಅತಿಯಾಗಲಾರದು.

‘ಹಂಸಗೀತೆ’ ಕಾದಂಬರಿಗೆ ಇನ್ನೊಂದು ಚಿತ್ರಜನ್ಮವೂ ಉಂಟೆಂಬುದು ಈ ಚರ್ಚೆಯ ಅತ್ಯಂತ ಕುತೂಹಲದ ಭಾಗ. ಅಯ್ಯರ್ ಚಿತ್ರಕ್ಕಿಂತ ಹತ್ತೊಂಬತ್ತು ವರ್ಷ ಮೊದಲು, 1956ರಲ್ಲಿಯೇ, ಇದೇ ಕಾದಂಬರಿಯನ್ನು ಆಧರಿಸಿ ರಾಜಾ ನವಾಥೆ ಹಿಂದಿಯಲ್ಲಿ ‘ಬಸಂತ್ ಬಹಾರ್’ ನಿರ್ದೇಶಿಸಿದ್ದರು. ಭರತ್ ಭೂಷಣ್, ನಿಮ್ಮಿ ಮುಖ್ಯ ಪಾತ್ರಗಳಲ್ಲಿದ್ದರು. ಸಂಗೀತ ಶಂಕರ್-ಜೈಕಿಶನ್ ಅವರದು. ಅದಕ್ಕೆ ನಾಲ್ಕು ವರ್ಷ ಹಿಂದೆ ನೌಶಾದರ ಸಂಗೀತದ ‘ಬೈಜೂ ಬಾವ್ರಾ’ದಲ್ಲಿ ಅಮೀರ್ ಖಾನ್ ಮತ್ತು ಡಿ.ವಿ. ಪಲುಸ್ಕರ್ ಹಾಡಿದ ಸ್ಪರ್ಧೆಯ ದೃಶ್ಯ ಗೆದ್ದಿದ್ದುದರಿಂದ, ಇಲ್ಲಿಯೂ ಅಂಥದೊಂದು ಸ್ಪರ್ಧೆ ಬೇಕೆನಿಸಿತು. ನಾಯಕನಿಗೆ ಮನ್ನಾ ಡೇ ಹಾಡಿದರು. ಅವನೆದುರು ಸೋಲಬೇಕಾದ ಗಾಯಕನಿಗೆ ಹಾಡಿದವರು ಗದಗಿನ ಭೀಮಸೇನ ಜೋಶಿ. ಜೋಶಿಯವರೆದುರು ಗೆಲ್ಲುವಂತೆ ಹಾಡುವುದೆಂದರೆ ಮನ್ನಾ ಡೇ ಅವರಿಗೆ ಎಷ್ಟು ಅಂಜಿಕೆಯಾಗಿತ್ತೆಂಬುದನ್ನು ಅವರೇ ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ಆ ಜುಗಲಬಂದಿ ಇಂದಿಗೂ ಭಾರತದ ಚಿತ್ರಸಂಗೀತದ ಮೇರುಕೃತಿಗಳಲ್ಲಿ ಎಣಿಕೆಯಾಗುತ್ತದೆ, ಎಣಿಕೆಯಾಗುವುದು ಯೋಗ್ಯವೂ ಹೌದು.

ಆದರೆ ಒಂದೇ ಕಾದಂಬರಿ ಎರಡು ಚಿತ್ರಗಳಲ್ಲಿ ಪಡೆದ ರೂಪಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಕಾಣುವ ಅಂತರ ಬಹಳ. ದುರ್ಗದ ಹೆಸರು, ದುರ್ಗದ ಬಂಡೆ, ದಕ್ಷಿಣದ ಭೈರವಿ, ಎಲ್ಲವೂ ಹಿಂದಿಯ ಚಿತ್ರದಲ್ಲಿ ಕರಗಿ ಉತ್ತರದ ಆಸ್ಥಾನ ಸಂಗೀತದ ಕಥೆಯಾಗುತ್ತದೆ. ಹಿಂದೂಸ್ತಾನಿಯಲ್ಲಿಯೂ ಭೈರವಿಯೆಂಬ ರಾಗವಿದೆಯಾದರೂ ಅದರ ಸ್ವರಗಳು ಕರ್ನಾಟಕ ಪದ್ಧತಿಯ ಹನುಮತೋಡಿಯವು. ಹೆಸರೊಂದೇ, ಜೀವ ಬೇರೆ. ಸ್ಪರ್ಧೆಯೆಂಬ ಕಲ್ಪನೆಯೂ ಸಂಗೀತವನ್ನು ಒಂದು ಕುಸ್ತಿಯ ಅಖಾಡದಂತೆ ನೋಡುವ ಕಲ್ಪನೆ: ಅಲ್ಲಿ ಯಾರು ಮೇಲು ಎಂಬ ಪ್ರಶ್ನೆಗೆ ಆಸ್ಥಾನವೇ ಉತ್ತರ ಕೊಡುತ್ತದೆ, ಆಸ್ಥಾನದ ಮೆಚ್ಚುಗೆಯೇ ಗಾಯಕನ ಗೆಲುವು. ವೆಂಕಟಸುಬ್ಬಯ್ಯನ ಐತಿಹ್ಯ ನಿಂತಿರುವುದು ಇದಕ್ಕೆ ನೇರ ವಿರುದ್ಧವಾದ ನಂಬಿಕೆಯ ಮೇಲೆ, ಅಂದರೆ ಆಸ್ಥಾನಕ್ಕೆ ಸಂಗೀತದ ಮೇಲೆ ಅಧಿಕಾರವೇ ಇಲ್ಲವೆಂಬ ನಂಬಿಕೆಯ ಮೇಲೆ. ಹಿಂದಿಯ ಹಾಡು ಬಾನುಲಿಯಲ್ಲಿ ಹರಿದು ದುರ್ಗದ ಮನೆಮನೆಗಳಿಗೂ ಬಂದಿತು. ಅದು ತಮ್ಮದೇ ಊರಿನ ಗಾಯಕನ ಕಥೆಯ ತುಣುಕೆಂದು ಕೇಳಿದವರಲ್ಲಿ ಹೆಚ್ಚಿನವರಿಗೆ ತಿಳಿಯಲಿಲ್ಲ. ದುರ್ಗದ ಕಥೆ ದುರ್ಗಕ್ಕೆ ಪರಕೀಯವಾಗಿ ಮರಳಿದ ಈ ಪ್ರಸಂಗ ನೋವಿನದು.

ನಿಧಾನಗತಿಯ ಆಕ್ಷೇಪಣೆಯನ್ನು ಇಲ್ಲಿ ಎದುರಿಸಬೇಕು. ‘ಹಂಸಗೀತೆ’ಯಂಥ ಚಿತ್ರಗಳು ಸೋತದ್ದು ಶಾಸ್ತ್ರೀಯ ಸಂಗೀತದ ಭಾರದಿಂದ ಎಂಬ ವಿವರಣೆ ಸುಲಭವಾದದ್ದು, ಆದರೆ ಅದಕ್ಕೆ ‘ಶಂಕರಾಭರಣಂ’ ಉತ್ತರವಾಗಿ ನಿಂತಿದೆ. ಕೆ. ವಿಶ್ವನಾಥ್ ನಿರ್ದೇಶಿಸಿ 1980ರಲ್ಲಿ ಬಿಡುಗಡೆಯಾದ ಆ ತೆಲುಗು ಚಿತ್ರವು ವೃದ್ಧ ಗಾಯಕನೊಬ್ಬನ ಕಥೆಯಾಗಿದ್ದೂ ಕರ್ನಾಟಕದ ಊರೂರುಗಳಲ್ಲಿ ತೆಲುಗು ಬಾರದವರನ್ನೂ ಸೆಳೆಯಿತು. ಅಂದರೆ ಪ್ರೇಕ್ಷಕರಿಗೆ ರಾಗದ ಬಗ್ಗೆ ಅರುಚಿ ಇರಲಿಲ್ಲ, ಕೆ.ವಿ. ಮಹದೇವನ್ ಅವರು ರಾಗವನ್ನು ಚಿತ್ರಗೀತೆಯ ಅಳತೆಗೆ ಕೂರಿಸಿದ್ದರಿಂದ ಬಾನುಲಿಯೂ ಕ್ಯಾಸೆಟ್ಟೂ ಅದನ್ನು ಹೊತ್ತು ತಿರುಗಿದವು. ಕಾಲ ಬದಲಾದರೆ ನಿಧಾನವೂ ಗುಣವಾಗಬಲ್ಲದು ಎಂಬುದಕ್ಕೆ ಸತ್ಯಜಿತ್ ರಾಯ್ ಅವರ ‘ಜಲಸಾಘರ್’ ನಿದರ್ಶನ. 1958ರ ಆ ಚಿತ್ರಕ್ಕೆ ವಿಲಾಯತ್ ಖಾನ್ ಸಂಗೀತವಿತ್ತು, ಬೇಗಂ ಅಖ್ತರ್ ಮೊದಲಾದ ಕಲಾವಿದರೇ ತೆರೆಯ ಮೇಲೆ ಬಂದು ಹಾಡಿದ್ದರು. ಪ್ಯಾರಿಸ್ಸಿನ ಪ್ರೇಕ್ಷಕರು ಅದನ್ನು ತುಂಬಿದ ಮನಸ್ಸಿನಿಂದ ಸ್ವಾಗತಿಸಿದ್ದು 1981ರಲ್ಲಿ. ಚಿತ್ರ ಅದೇ ಇತ್ತು, ಅದನ್ನು ನೋಡುವ ವ್ಯವಧಾನ ತಡವಾಗಿ ಕೂಡಿಬಂದಿತು.

ಎರಡನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ದುರ್ಗ ಬೇಡ ನಾಯಕರು ಆಳಿದ ನೆಲ; ಅದರ ಸುತ್ತಣ ಸೀಮೆ ಮ್ಯಾಸಬೇಡರ, ಕಾಡುಗೊಲ್ಲರ, ತಮಟೆ ಉರುಮೆಗಳ ಸೀಮೆ. ಹಿರಿಯೂರು, ಚಳ್ಳಕೆರೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ತಮ್ಮ ದೈವ ಜುಂಜಪ್ಪನ ಕಾವ್ಯವನ್ನು ಗಣೆಯೊಡನೆ ಹಾಡುತ್ತಾರೆ. ಗಣೆಯೆಂದರೆ ನೀಳವಾದ ಬಿದಿರಿನ ಕೊಳಲು. ಗೊಲ್ಲರಿಗೆ ಅದು ವಾದ್ಯ ಮಾತ್ರವಾಗಿರದೆ ದೈವದ ಗುರುತೂ ಹೌದು. ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಸಾವಿರಾರು ಸಾಲುಗಳ ಹಾಡುಗಳನ್ನು ನೆನಪಿನಿಂದಲೇ ಹಾಡಿ ಜಾನಪದ ವಿದ್ವಾಂಸರನ್ನು ಬೆರಗುಗೊಳಿಸಿದವರು. ಇಷ್ಟೊಂದು ನಾದಗಳಿರುವ ಸೀಮೆಯಲ್ಲಿ ಶಾಸ್ತ್ರೀಯ ಗಾಯಕನೊಬ್ಬನ ಕಥೆಯನ್ನೇ ‘ದುರ್ಗದ ಸಂಗೀತ’ವೆಂದು ಎತ್ತಿ ಹಿಡಿಯುವುದು ಮೇಲ್ಜಾತಿಯ ನೆನಪಿಗೆ ಮಣೆ ಹಾಕಿದಂತಾಗುವುದಿಲ್ಲವೇ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಉತ್ತರವನ್ನು 1975ರ ಆ ಎರಡು ಚಿತ್ರಗಳಲ್ಲಿಯೇ ಕಾಣಬಹುದು. ‘ಚೋಮನ ದುಡಿ’ಯನ್ನು ಸಾಮಾನ್ಯವಾಗಿ ಸಂಗೀತ ಚಿತ್ರವೆಂದು ಕರೆಯುವುದಿಲ್ಲ, ಆದರೆ ಅದರಲ್ಲಿ ನಾಯಕನ ಮನಸ್ಸಿನ ಎಲ್ಲವೂ, ಸಿಟ್ಟು, ಸಂಕಟ, ಸೋಲು, ಮಾತಿಗಿಂತ ದುಡಿಯ ಪೆಟ್ಟಿನಲ್ಲಿಯೇ ವ್ಯಕ್ತವಾಗುತ್ತದೆ. ಸಂಗೀತವು ಕಥೆಯ ನಡೆಯನ್ನು ನಿರ್ಧರಿಸುವ ಚಿತ್ರವೇ ಸಂಗೀತ ಚಿತ್ರವೆಂಬ ವ್ಯಾಖ್ಯೆಯನ್ನು ಒಪ್ಪಿದರೆ, ಭೈರವಿಯ ವೆಂಕಟಸುಬ್ಬಯ್ಯನೂ ದುಡಿಯ ಚೋಮನೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಒಬ್ಬನಿಗೆ ನಾದ ಅರಸನೆದುರು ತಲೆಯೆತ್ತುವ ಬಲ, ಇನ್ನೊಬ್ಬನಿಗೆ ಧಣಿಯೆದುರು ಹೇಳಲಾಗದ್ದನ್ನು ಹೇಳುವ ಏಕೈಕ ಬಾಯಿ. ಇಬ್ಬರ ನಾದಕ್ಕೂ ಕೈಹಚ್ಚಿದವರು ಕಾರಂತರೇ. ಗಣೆಯ ನಾದವನ್ನು ಇಂಥ ಗಾಂಭೀರ್ಯದಿಂದ ಕೇಂದ್ರದಲ್ಲಿಟ್ಟು ಮಾಡಬಹುದಾದ ಕಥಾಚಿತ್ರಕ್ಕೆ ‘ಹಂಸಗೀತೆ’ ಅಡ್ಡಿಯಾಗುವುದಿಲ್ಲ. ಹೇಗೆ ಮಾಡಬೇಕೆಂಬುದಕ್ಕೆ ಅದೇ ಪಾಠವಾಗಬಲ್ಲದು.

ನಾಲಗೆ ಕತ್ತರಿಸಿಕೊಳ್ಳುವ ಕಥೆಯ ಬಗೆಗೂ ಒಂದು ಮಾತು ಅಗತ್ಯ. ಇದನ್ನು ಮತಗಳ ಜಗಳಕ್ಕೆ ಎಳೆಯುವುದು ಇಂದಿನ ದಿನಗಳಲ್ಲಿ ಬಹಳ ಸುಲಭ. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದು ಕೊನೆಯ ಮದಕರಿನಾಯಕನನ್ನು ಸೆರೆಯೊಯ್ದ ಚರಿತ್ರೆಯ ನೆನಪು ಇನ್ನೂ ಹಸಿಯಾಗಿರುವ ಊರಿನಲ್ಲಿ ಆ ಸೆಳೆತ ಬಲವಾದದ್ದೇ. ಆದರೆ ಐತಿಹ್ಯದ ತಿರುಳು ಅಲ್ಲಿಲ್ಲ. ಹಂಸವು ಸಾಯುವ ಮುನ್ನ ಅತಿ ಮಧುರವಾಗಿ ಹಾಡುತ್ತದೆಂಬ ಯುರೋಪಿನ ನಂಬಿಕೆಯಿಂದ ‘ಹಂಸಗೀತೆ’ ಎಂಬ ಮಾತಿಗೆ ಕೊನೆಯ ಹಾಡು ಎಂಬ ಅರ್ಥ ಬಂದಿದೆ, ತ.ರಾ.ಸು. ಆ ಮಾತನ್ನು ಆರಿಸಿ, ಗಾಯಕನ ಕೊನೆಯ ಹಾಡೆಂದರೆ ಅವನು ಹಾಡಲು ನಿರಾಕರಿಸಿದ ಹಾಡು ಎಂಬ ಅರ್ಥವನ್ನು ಅದಕ್ಕೆ ತುಂಬಿದರು. ಯಾವ ಮತದ, ಯಾವ ಪಕ್ಷದ ಅಧಿಕಾರವೇ ಆಗಲಿ ಕಲಾವಿದನ ಕೊರಳನ್ನು ತನ್ನದೆಂದು ತಿಳಿದಾಗ ಈ ಕಥೆ ಎದ್ದು ನಿಲ್ಲುತ್ತದೆ. ಚಿತ್ರ ಬಂದ ವರ್ಷ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದ ವರ್ಷವೂ ಹೌದೆಂಬುದು ಕಾಕತಾಳೀಯವೇ ಇರಬಹುದು. ಆದರೆ ಅಂದಿನ ಪ್ರೇಕ್ಷಕನಿಗೆ ಆ ನಿರಾಕರಣೆಯ ಅರ್ಥ ವಿವರಿಸಬೇಕಾಗಿರಲಿಲ್ಲ.

ಇದೇ ಬಗೆಯಲ್ಲಿ ಹಿಂದೆ ಸರಿದ ಇನ್ನೂ ಕೆಲವು ಕನ್ನಡ ಚಿತ್ರಗಳಿವೆ. ಅ.ನ.ಕೃ. ಅವರ ಕಾದಂಬರಿ ಆಧರಿಸಿದ 1966ರ ‘ಸಂಧ್ಯಾರಾಗ’ದ ಹಾಡುಗಳು ಉಳಿದಿವೆ, ಭೀಮಸೇನ ಜೋಶಿ, ಬಾಲಮುರಳೀಕೃಷ್ಣ ಇಬ್ಬರ ಕಂಠವೂ ಅದರಲ್ಲಿದೆಯೆಂದು ಸಂಗೀತಾಸಕ್ತರು ಬಲ್ಲರು, ಚಿತ್ರವನ್ನು ಮಾತ್ರ ಪೂರ್ತಿಯಾಗಿ ನೋಡಿದವರು ವಿರಳ. ಅದೇ ವರ್ಷ ಎಂ.ವಿ. ಕೃಷ್ಣಸ್ವಾಮಿ ನಿರ್ದೇಶಿಸಿದ ‘ಸುಬ್ಬಾಶಾಸ್ತ್ರಿ’ಗೆ ವೀಣೆಯ ದೊರೆಸ್ವಾಮಿ ಅಯ್ಯಂಗಾರ್ಯರು ಸಂಗೀತ ನೀಡಿದ್ದರೆಂಬುದು ಸಂಗೀತ ವಿದ್ಯಾರ್ಥಿಗಳಿಗೂ ಹೊಸ ಸುದ್ದಿಯಂತೆ ಕೇಳಿಸುತ್ತದೆ. ದುರ್ಗದ ಚರಿತ್ರೆಯನ್ನೇ ಹಿನ್ನೆಲೆಯಾಗುಳ್ಳ, ದುರ್ಗದವರೇ ಆದ ಬಿ.ಎಲ್. ವೇಣು ಅವರ ಕಥೆಯಿಂದ ಟಿ.ಎಸ್. ನಾಗಾಭರಣ 2006ರಲ್ಲಿ ಮಾಡಿದ ‘ಕಲ್ಲರಳಿ ಹೂವಾಗಿ’ಗೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂದಿತು, ಹಂಸಲೇಖ ಅವರ ಸಂಗೀತದ ಆ ಚಿತ್ರದ ಮಾತೂ ಈಗ ದುರ್ಗದಲ್ಲಿ ಕೇಳಿಬರುವುದು ಅಪರೂಪ.

ಇಂಥ ಚಿತ್ರಗಳನ್ನು ಮೆಚ್ಚಲು ಬೇಕಾದ ಸಿದ್ಧತೆ ಪಾಂಡಿತ್ಯದ್ದಲ್ಲ. ತುಂಡು ತುಂಡಾಗಿ ಮೊಬೈಲಿನಲ್ಲಿ ನೋಡದೆ ಕತ್ತಲಲ್ಲಿ ಹತ್ತು ಜನರೊಡನೆ ಕೂತು ಕೊನೆಯವರೆಗೂ ನೋಡುವುದು, ಹಾಡು ಬಂದಾಗ ಕಥೆ ನಿಂತಿತೆಂದು ಎಣಿಸದೆ ಕಥೆ ಅಲ್ಲಿಯೇ ನಡೆಯುತ್ತಿದೆಯೆಂದು ಕಿವಿಗೊಡುವುದು, ಇಷ್ಟು ಸಾಕು. ಇದಕ್ಕೆ ಬೇಕಾದ ಪ್ರೇಕ್ಷಕರು ಈ ಜಿಲ್ಲೆಯಲ್ಲಿ ಆಗಲೇ ಇದ್ದಾರೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಕಟ್ಟಿದ ಶಿವಸಂಚಾರ ತಂಡ 1997ರಿಂದ ನಾಡೆಲ್ಲ ತಿರುಗಿ ನಾಟಕವಾಡುತ್ತಿದೆ. ನವೆಂಬರಿನ ನಾಟಕೋತ್ಸವದಲ್ಲಿ ಸುತ್ತಲ ಹಳ್ಳಿಗಳ ರೈತರು ಬಯಲು ರಂಗಮಂದಿರದ ಕಲ್ಲುಮೆಟ್ಟಿಲುಗಳ ಮೇಲೆ ಕೂತು ವಚನಗಾಯನವನ್ನೂ ಗಂಭೀರ ನಾಟಕಗಳನ್ನೂ ರಾತ್ರಿಯವರೆಗೆ ನೋಡುತ್ತಾರೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ‘ತಿರುಕ’ ಎಂಬ ಹೆಸರಿನಿಂದ ಬರೆಯುತ್ತಿದ್ದ ರಾಘವೇಂದ್ರ ಸ್ವಾಮಿಗಳು ಯೋಗ, ವೈದ್ಯಗಳೊಡನೆ ರಂಗಭೂಮಿಗೂ ಒಂದು ಸ್ಥಾನ ಕಲ್ಪಿಸಿದ್ದರು. ನಿಧಾನವನ್ನು ಸಹಿಸುವ, ಹಾಡಿನಲ್ಲಿ ಅರ್ಥ ಹುಡುಕುವ ಅಭ್ಯಾಸವುಳ್ಳ ಈ ಜನರೆದುರು ‘ಹಂಸಗೀತೆ’ ಭಾರವಾಗುವುದೆಂದು ಯಾರೂ ಮೊದಲೇ ತೀರ್ಮಾನಿಸಬೇಕಾಗಿಲ್ಲ.

ಚಿತ್ರವನ್ನು ತೋರಿಸಲು ಬೇಕಾದ ಪ್ರತಿಗಳ ಸ್ಥಿತಿಯ ಪ್ರಶ್ನೆಗೂ ಮಾದರಿಯೊಂದು ಕಣ್ಣೆದುರಿದೆ. ಕಾರಂತರದೇ ಸಂಗೀತವಿದ್ದ, ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಜೀರ್ಣೋದ್ಧಾರ ಮಾಡಿ, ಅಂದರೆ ಹಳೆಯ ಪ್ರತಿಯ ಗೀರು, ಮಸುಕು, ಧ್ವನಿದೋಷಗಳನ್ನು ತೆಗೆದು ಮೂಲರೂಪಕ್ಕೆ ತಂದು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಧ್ವನಿಯೇ ಪ್ರಾಣವಾದ ಚಿತ್ರಕ್ಕೆ ಈ ಕೆಲಸ ಇನ್ನೂ ಹೆಚ್ಚು ಅವಶ್ಯ. ತಂಬೂರಿಯ ಶ್ರುತಿ ಕರಕರ ಸದ್ದಿನಲ್ಲಿ ಮುಳುಗಿದರೆ ಬಾಲಮುರಳೀಕೃಷ್ಣರ ಕಂಠದ ಸೂಕ್ಷ್ಮಗಳೆಲ್ಲ ನಷ್ಟವಾಗುತ್ತವೆ. ಕನ್ನಡ ಚಿತ್ರಗಳ ಉಳಿವಿಗೆ ಹೊಣೆಯಾದ ಸರ್ಕಾರಿ ಸಂಸ್ಥೆಗಳೂ, ವಿಶ್ವವಿದ್ಯಾಲಯಗಳೂ, ಚಿತ್ರಸಮಾಜಗಳೂ ಇದನ್ನು ಕೈಗೆತ್ತಿಕೊಳ್ಳಬೇಕು.

ಚಿತ್ರದುರ್ಗ ನಗರದಲ್ಲಿ ತ.ರಾ.ಸು. ಅವರ ಹೆಸರಿನ ರಂಗಮಂದಿರವೊಂದಿದೆ. ಅಲ್ಲಿ ಸಭೆ, ಸಮಾರಂಭ, ನೃತ್ಯ, ನಾಟಕ, ಎಲ್ಲವೂ ನಡೆಯುತ್ತವೆ. ವರ್ಷಕ್ಕೊಂದು ಸಂಜೆ, ಅವರು ಹುಟ್ಟಿದ ಏಪ್ರಿಲ್ ತಿಂಗಳಲ್ಲಿ, ಅದೇ ಮಂದಿರದಲ್ಲಿ ‘ಹಂಸಗೀತೆ’ಯನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಭಾಷಣವಿಲ್ಲದೆ ತೋರಿಸುವ ಏರ್ಪಾಡನ್ನು ದುರ್ಗದ ಜನರೇ ಮಾಡಿಕೊಳ್ಳಲಿ.